ಒಬ್ಬರಿಗಾಗುವಷ್ಟು ಅಡುಗೆ

ಒಂದು ವಿಷಯಕ್ಕೆ ಒಬ್ಬರೇ ಬರಹಗಾರರು ಎಂಬ ಕಾನೂನು ಬಂದಮೇಲೆ, ಬ್ಲಾಗ್ ಬರೆಯಬೇಕೆನ್ನುವವರೆಲ್ಲ ಗದಗಿನ ವಿಷಯ ಕಚೇರಿಯಲ್ಲಿ ಸರದಿ ನಿಲ್ಲುತ್ತಿದ್ದರು. ನಿಜಗುಣನ ಸರದಿ ಬಂದಾಗ ಮಧ್ಯಾಹ್ನವಾಗಿತ್ತು.

“ಒಬ್ಬರಿಗಾಗುವಷ್ಟು ಅಡುಗಿ,” ಎಂದ.

ಗುಮಾಸ್ತ ಪರದೆ ನೋಡಿದ. “ಭಾರೀ ವಿಷಯ ಹಿಡದೀರಿ ಸರ. ಸಣ್ಣ ಕುಕ್ಕರಿನವರು ಜಾಹೀರಾತು ಕೊಡಾಕ ಕಾದು ಕುಂತಾರ. ಆದ್ರ ಶಿರಹಟ್ಟಿಯ ಮಧುಮತಿ ಅನ್ನೋರು ಮೊದಲೇ ತಗೊಂಡುಬಿಟ್ಟಾರ.”

ಮೂರು ವರ್ಷದ ಹಿಂದೆ ಅವನಿಂದ ಬೇರೆಯಾದ ಹೆಂಡತಿಯ ಹೆಸರು ಅದು.

“ಚಿಂತಿ ಬ್ಯಾಡ್ರಿ. ವರ್ಷದಾಗ ಒಬ್ಬರೂ ಓದಲಿಲ್ಲಂದ್ರ ವಿಷಯ ಕೈ ತಪ್ತದ. ಇವತ್ತಿಗೆ ಅವರ ವರ್ಷ ಮುಗೀತದ, ಆ ಕಡೆ ಒಂದು ನೊಣಾನೂ ಹಾದಿಲ್ಲ. ನಾಳೆ ಬರ್ರಿ, ನಿಮ್ಮ ಹೆಸರಿಗೆ ಮಾಡ್ತೀನಿ.”

ನಿಜಗುಣ ಹೊರಗೆ ಮೆಟ್ಟಿಲ ಮೇಲೆ ಕುಳಿತ. ಫೋನಿನಲ್ಲಿ ಅವಳ ಪುಟ ತೆರೆದ. ಕೊನೆಯ ಬರಹ ಒಂದೇ ಸಾಲಿನದು: ‘ಒಬ್ಬಳಿಗೆ ಎಷ್ಟು ಬೇಳೆ ಬೇಕೆಂದು ಇವತ್ತಿಗೂ ತಿಳಿದಿಲ್ಲ, ಕೈ ಎರಡು ಹಿಡಿ ಹಾಕಿಯೇ ಬಿಡುತ್ತದೆ.’

ಅದರ ಕೆಳಗೆ ಓದುಗರ ಸಂಖ್ಯೆ ಸೊನ್ನೆಯಿಂದ ಒಂದಾಯಿತು. ಅವನು ಎದ್ದು ಒಳಗೆ ಹೋಗಿ, ಬೇರೆ ವಿಷಯ ಯೋಚಿಸುತ್ತ, ಮತ್ತೆ ಸರದಿಯ ಕೊನೆಗೆ ನಿಂತ.