ರಸ್ತೆ ದಾಟದೆ

ಎರಡು ರೂಮಿನ ಮನೆಯನ್ನೂ ವೀಣಾ ಬೇಡವೆಂದಾಗ ತಿಪ್ಪೇರುದ್ರನಿಗೆ ಅನುಮಾನ ಬಂತು. ಈ ಹೆಂಗಸಿಗೆ ಚಳ್ಳಕೆರೆಗೆ ಬರುವ ಮನಸ್ಸೇ ಇಲ್ಲ. ಗಂಡ ಎಳೆದುಕೊಂಡು ಬಂದಿದ್ದಾನೆ.

“ಇದ್ರಲ್ಲಿ ಏನು ಕಮ್ಮಿ ಐತೆ ತಂಗಿ?”

“ಕಮ್ಮಿ ಏನಿಲ್ಲಣ್ಣ. ದೊಡ್ಡದಾಯ್ತು.”

ಬಾಡಿಗೆ ಮನೆ ತೋರಿಸುವ ಕೆಲಸಕ್ಕೆ ಇಳಿದ ಮೇಲೆ ಅವನು ಇಂಥ ಮಾತು ಕೇಳಿದ್ದು ಇದೇ ಮೊದಲು. ಇನ್ನೊಂದು ರೂಮಿದ್ದರೆ ಎನ್ನುವವರೇ ಎಲ್ಲ. ಬೆಳಿಗ್ಗೆ ಬಳ್ಳಾರಿ ರಸ್ತೆಯ ಆಚೆ ತೋರಿಸಿದ ಮನೆಗೆ ಅವಳು ಬೇರೆ ಕಾರಣ ಹೇಳಿದ್ದಳು. “ಮಗಳು ಒಬ್ಬಳೇ ಓಡಾಡ್ಬೇಕು. ದೊಡ್ಡ ರಸ್ತೆ ದಾಟೋ ಹಂಗಿರಬಾರ್ದು.” ಆಗ ಎಣ್ಣೆ ಮಿಲ್ಲಿನ ಲಾರಿಯೊಂದು ಪಕ್ಕದಲ್ಲೇ ಹಾದುಹೋಗಿತ್ತು. ಅವಳು ಯಾರದೋ ಕೈ ಹಿಡಿಯುವವಳಂತೆ ಗಾಳಿಯಲ್ಲಿ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಿದ್ದಳು.

ಮಗಳು ಕಾಂಚನಾಗೆ ಎಂಟು ವರ್ಷ. ಮೊಳಕಾಲ್ಮುರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ಇಲ್ಲಿನ ಶಾಲೆಗೆ ಸೇರಿಸಿಯಾಗಿತ್ತು. ಗಂಡ ಸಾಯಿಕುಮಾರ್‌ಗೆ ಸೀರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ವೀಣಾಗೆ ಟೈಲರ್ ಅಂಗಡಿಯಲ್ಲಿ. ಮನೆಯೊಂದೇ ಬಾಕಿ.

ಟೀ ಅಂಗಡಿಯ ಬೆಂಚಿನಲ್ಲಿ ಕೂತಾಗ ತಿಪ್ಪೇರುದ್ರ ಸಾಯಿಕುಮಾರನ ಕಡೆ ತಿರುಗಿದ. “ನೇಯೋರು ಅಂತೀರಿ. ಮಗ್ಗ ಎಲ್ಲಿ ಹಾಕ್ತೀರಿ? ಇಲ್ಲಿ ಓನರ್‌ಗಳು ಮಗ್ಗದ ಗುಂಡಿಗೆ ನೆಲ ಅಗೆಯೋಕೆ ಬಿಡಲ್ಲ, ಮೊದ್ಲೇ ಹೇಳ್ತೀನಿ.”

“ಮಗ್ಗ ಕೊಟ್ಟುಬಿಟ್ವಿ.”

“ಅಯ್ಯೋ, ಯಾಕ್ರಿ?”

“ನಮ್ಮ ಅಂಚಿನ ಸೀರೆಗೆ ಇಬ್ಬರು ಕೂರಬೇಕಣ್ಣ. ಈ ಕಡೆಯಿಂದ ಒಬ್ರು ಲಾಳಿ ಬಿಟ್ರೆ ಆ ಕಡೆಯಿಂದ ಇನ್ನೊಬ್ರು ಹಿಡೀಬೇಕು. ಇನ್ಮೇಲೆ ಅದಾಗಲ್ಲ.”

ವೀಣಾ ಗ್ಲಾಸು ಕೆಳಗಿಟ್ಟಳು. ಟೀ ಅರ್ಧ ಹಾಗೇ ಉಳಿದಿತ್ತು.

“ಅಂಥ ಊರು ಯಾಕೆ ಬಿಡ್ತೀರೋ. ಓಣಿ ತುಂಬ ನಿಮ್ಮೋರೇ ಅವ್ರೆ.”

“ಅದಕ್ಕೇ,” ಎಂದಳು ವೀಣಾ.

ತಿಪ್ಪೇರುದ್ರನಿಗೆ ಎಲ್ಲ ತಿಳಿದಂತಾಯಿತು. ಗಂಡ ಮಗ್ಗ ಮಾರಿದ್ದಾನೆ, ಹೆಂಡತಿಗೆ ಸಿಟ್ಟು. ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡದೇ ಇರುವುದು ಅದಕ್ಕೇ.

ಪಾವಗಡ ರಸ್ತೆಯ ಬಡಾವಣೆಯಲ್ಲಿ ತೋರಿಸಿದ ಮನೆ ಚಿಕ್ಕದು. ಒಂದು ರೂಮು, ಅಡುಗೆಮನೆ, ಮುಂದೊಂದು ಬೇವಿನ ಮರ. ವೀಣಾ ಪ್ರತಿ ಕಿಟಕಿಯನ್ನೂ ತೆರೆದು ಮುಚ್ಚಿ ನೋಡಿದಳು. ಹೊಲಿಗೆ ಮೆಷಿನ್ ಹಿಡಿಸುತ್ತದೆಯೇ ಎಂದು ಗೋಡೆಯನ್ನು ಗೇಣಿನಲ್ಲಿ ಅಳೆದಳು. ಸಾಯಿಕುಮಾರ್ ಮಾತ್ರ ಚಪ್ಪಲಿ ಕೂಡ ಬಿಡದೆ ಮರದ ಕೆಳಗೇ ನಿಂತಿದ್ದ.

“ಒಳಗೆ ಬರ್ರಿ, ನೀವೂ ನೋಡ್ರಿ.”

“ಅವಳಿಗೆ ಸರಿಯಾದ್ರೆ ಸಾಕು.”

“ಆಮೇಲೆ ಜಗಳ ಆಡಬಾರ್ದು ಮತ್ತೆ! ನಮ್ಮನೇಲಿ ಹಿಂಗೇ. ನಾನು ಬದನೇಕಾಯಿ ತಂದ ದಿನವೇ ಅವಳಿಗೆ ಬೆಂಡೇಕಾಯಿ ಬೇಕು.”

ವೀಣಾ ಬಾಗಿಲಿಗೆ ಬಂದಳು. ಇದಾಗಬಹುದು ಎಂದಳು. ತಿಪ್ಪೇರುದ್ರ ನಿಟ್ಟುಸಿರು ಬಿಡುವುದರೊಳಗೆ ಸಾಯಿಕುಮಾರ್ ಕೇಳಿದ: “ಇಲ್ಲೇ ಹತ್ತಿರದಲ್ಲಿ ಇನ್ನೊಂದು ಐತಾ ಅಣ್ಣ?”

ಈಗ ಗಂಡನ ಸರದಿ. ಅವಳು ಒಪ್ಪಿದ್ದನ್ನು ಇವನು ಒಪ್ಪುವುದುಂಟೇ!

ಇತ್ತು. ಹಿಂದಿನ ಬೀದಿಯಲ್ಲಿ, ಇನ್ನೂ ಚಿಕ್ಕದು. ಈ ಸಲ ಸಾಯಿಕುಮಾರ್ ನೇರ ಅಡುಗೆಮನೆಗೆ ಹೋದ. ಒಲೆ ಎಲ್ಲಿಡುವುದು, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದೆಲ್ಲ ಕೇಳಿದ.

“ಅಡುಗೆ ನೀವು ಮಾಡ್ತೀರೇನ್ರಿ?”

“ಕಲಿಯೋಣ ಅಂತ.”

“ಕೇಳಿದ್ಯಾ ತಂಗಿ? ನಿನ್ನ ಪುಣ್ಯ ನೋಡು!” ಎಂದು ತಿಪ್ಪೇರುದ್ರ ಹೊರಗೆ ಕೂಗಿದ.

ವೀಣಾ ಒಳಗೆ ಬಂದೇ ಇರಲಿಲ್ಲ. ಅವನು ಬಾಗಿಲಿಗೆ ಬರುವಷ್ಟರಲ್ಲಿ ಅವಳು ಗೇಟು ದಾಟಿ ಬೀದಿಯಲ್ಲಿ ನಡೆಯುತ್ತಿದ್ದಳು. ನಿಧಾನಕ್ಕೆ, ಸಣ್ಣ ಸಣ್ಣ ಹೆಜ್ಜೆ ಇಟ್ಟು. ತಿರುವಿನಲ್ಲಿ ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಿದ್ದ ಮುದುಕಿಯ ಮುಂದೆ ನಿಂತಳು. ಜಗಲಿಯ ಕೆಳಗೊಂದು ನಾಯಿ ಮಲಗಿತ್ತು.

“ಈ ನಾಯಿ ಮಕ್ಕಳಿಗೆ ಕಚ್ಚುತ್ತಾ ಅಜ್ಜಿ?”

“ಅದಕ್ಕೆ ಹಲ್ಲೆಲ್ಲಿ ಅವೆ ಕಣವ್ವ, ನನ್ನಂಗೇ!”

“ಸಂಜೆ ಇಲ್ಲಿ ಲೈಟ್ ಇರುತ್ತಾ?”

“ಸ್ಕೂಲು ಆ ಕಡೆ ಅಲ್ಲ ತಂಗಿ! ಈ ಕಡೆ!” ಎಂದು ತಿಪ್ಪೇರುದ್ರ ಗೇಟಿನಿಂದ ಕೂಗಿದ.

“ಗೊತ್ತಣ್ಣ.”

ಆಗಲೇ ನೋಡಿದ ಮನೆಯ ಬೇವಿನ ಮರದವರೆಗೂ ಹೋಗಿ ಅವಳು ತಿರುಗಿ ಬಂದಳು. ಕಣ್ಣು ಕೆಂಪಗಾಗಿತ್ತು. ಧೂಳಿರಬೇಕು ಎಂದುಕೊಂಡ ತಿಪ್ಪೇರುದ್ರ.

“ದಗ್ಗರೇ ಉಂದಿ,” ಎಂದಳು ಗಂಡನಿಗೆ ತೆಲುಗಿನಲ್ಲಿ. ಹತ್ತಿರವೇ ಇದೆ. ಬೆಳಿಗ್ಗೆಯಿಂದ ಅವನೊಂದಿಗೆ ಅವಳು ಆಡಿದ ಮೊದಲ ಮಾತು. ಸಾಯಿಕುಮಾರ್ ತಲೆಯಾಡಿಸಿದ.

ತಿಪ್ಪೇರುದ್ರನಿಗೆ ಒಳಗೊಳಗೇ ಖುಷಿಯಾಯಿತು. ಸಿಟ್ಟು ಇಳಿಯಿತಲ್ಲ. “ಇಬ್ಬರೂ ಸೇರಿ ಒಂದು ತೀರ್ಮಾನ ಹೇಳ್ರಿ. ಶುಕ್ರವಾರ ದಿನ ಚೆನ್ನಾಗೈತೆ. ತಂಗಿ ಬಂದು ಹಾಲು ಉಕ್ಕಿಸಿಬಿಡ್ಲಿ. ಬಿಟ್ಟಿದ್ದನ್ನ ನಾನು ಬೇರೆಯೋರಿಗೆ ತೋರಿಸ್ತೀನಿ.”

“ತೋರಿಸಬೇಡಣ್ಣ.” ವೀಣಾ ಗೇಟಿನ ಕಂಬಿ ಹಿಡಿದುಕೊಂಡಿದ್ದಳು. “ಅದು ನಂಗೂ ಮಗಳಿಗೂ. ಇದು ಅವರಿಗೆ. ಅಪ್ಪ ಬೇಕು ಅನಿಸಿದಾಗ ಅವಳು ಯಾರನ್ನೂ ಕೇಳದಂಗೆ ನಡ್ಕೊಂಡು ಬರ್ಬೇಕು, ಅಷ್ಟೇ.”

ಅವಳು ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟಳು. ಬಾಯಿಗೆ ಬಂದಿದ್ದ ತಮಾಷೆಯನ್ನು ತಿಪ್ಪೇರುದ್ರ ನುಂಗಿಕೊಂಡ. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಸಾಯಿಕುಮಾರ್ ನೋಡುತ್ತ ನಿಂತಿದ್ದ. ಆಮೇಲೆ ದನಿ ತಗ್ಗಿಸಿ ಕೇಳಿದ:

“ಅಣ್ಣ, ಗಂಡಸೊಬ್ಬನೇ ಇರೋ ಮನೇಲಿ ಹಾಲು ಯಾರು ಉಕ್ಕಿಸ್ತಾರೆ?”