ಏಳಿಟ್ಟರೆ ಆರು

“ಇನ್ಸೂರೆನ್ಸ್ ಮಾಡಸ್ತೀಯೇನೋ ಶಿವಯೋಗಣ್ಣಾ?” ಎಂದು ಗೈಬುಸಾಬ ಕೇಳಿದ್ದೇ ತಡ, ವಿಮಾ ಏಜೆಂಟನಾದ ನನ್ನ ಎದೆ ಹಿಗ್ಗಿತು. ನನ್ನ ಪರವಾಗಿ ಮಾತಾಡಲು ದೇವರೇ ಇವನನ್ನು ಕಳಿಸಿದ ಅಂದುಕೊಂಡೆ. ಆಮೇಲೆ ನೋಡಿದರೆ ಅವನು ಕೇಳಿದ್ದು ಇಸ್ಪೀಟಿನ ಮಾತು.

ನಿಡೋಣಿಯಲ್ಲಿ ಶಿವಯೋಗೆಪ್ಪನ ಪಡಸಾಲೆ, ದೀಪಾವಳಿ ಪಾಡ್ಯದ ಬೆಳಿಗ್ಗೆ. ಇಬ್ಬರೂ ಶೇಂಗಾ ಪಣಕ್ಕಿಟ್ಟು ಆಡುತ್ತಿದ್ದರು. ಹಬ್ಬದ ದಿನ ಯಾರಾದರೂ ಪಾಲಿಸಿ ಮಾಡಿಸಲು ಹೋಗುತ್ತಾರೆಯೇ? ನನ್ನಂಥವನು ಹೋಗುತ್ತಾನೆ. ಈ ತಿಂಗಳೊಳಗೆ ಇನ್ನೊಂದು ಪಾಲಿಸಿ ಆಗದಿದ್ದರೆ ನನ್ನ ಏಜೆನ್ಸಿ ರದ್ದು. ವಿಜಾಪುರದಲ್ಲಿ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದೇ ಗತಿ. ಪುಣ್ಯಕ್ಕೆ ಶಿವಯೋಗೆಪ್ಪ ಒಪ್ಪಿದ್ದ. ಅರ್ಜಿ ಅವನ ತೊಡೆಯ ಮೇಲಿತ್ತು, ನನ್ನ ಪೆನ್ನು ಅವನ ಕಿವಿಯ ಮೇಲಿತ್ತು. “ಇದೊಂದು ಆಟ ಮುಗೀಲಿ, ಸಹಿ ಹಾಕತೀನಿ” ಎಂದಿದ್ದ.

ಆಟ ಇಪ್ಪತ್ತೊಂದರದ್ದು. ಮುಂಬಯಿಯ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಗೈಬುಸಾಬ ಊರಿಗೆ ತಂದದ್ದು. ಎಲೆಗಳ ಬೆಲೆ ಕೂಡಿ ಇಪ್ಪತ್ತೊಂದರ ಹತ್ತಿರ ಹೋದವ ಗೆದ್ದ, ದಾಟಿದವ ಸೋತ. ಎಕ್ಕಕ್ಕೆ ಹನ್ನೊಂದು, ರಾಜ, ರಾಣಿ, ಗುಲಾಮ ಎಲ್ಲರಿಗೂ ಹತ್ತು, ಉಳಿದವಕ್ಕೆ ಮೈಮೇಲಿನ ಅಂಕಿಯೇ ಬೆಲೆ. ಶಿವಯೋಗೆಪ್ಪನಿಗೆ ರಾಜ, ರಾಣಿ ಬಿದ್ದು ಇಪ್ಪತ್ತಾಗಿತ್ತು. ಗೈಬುಸಾಬನ ಮುಂದೆ ಒಂದು ಎಕ್ಕ ತೆರೆದಿತ್ತು, ಇನ್ನೊಂದು ಎಲೆ ಬೋರಲು ಬಿದ್ದಿತ್ತು.

“ಈ ಮುಚ್ಚಿದ ಎಲಿ ಹತ್ತರದಾದ್ರ ನೀ ಸೋತಿ. ಆ ಅಂಜಿಕಿಗೆ ಬ್ಯಾರೆ ಶೇಂಗಾ ಇಡು. ಹತ್ತು ಬಿದ್ರ ಇಟ್ಟದ್ದೂ ತಿರುಗಿ ಕೊಟ್ಟು, ಮ್ಯಾಲ ಒಂದಕ್ಕ ಎರಡು ಕೊಡ್ತೀನಿ, ಇಲ್ಲಂದ್ರ ಇಟ್ಟದ್ದು ನಂದು. ಹಡಗಿನ್ಯಾಗ ಇದಕ್ಕ ಇನ್ಸೂರೆನ್ಸ್ ಅಂತಾರ.”

ಶಿವಯೋಗೆಪ್ಪನ ಕೈ ಶೇಂಗಾ ರಾಶಿಯತ್ತ ಹೋಯಿತು. ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಗಣಿತದಲ್ಲಿ ಬಿ.ಎಸ್ಸಿ. ಮಾಡಿದವನ ನಾಲಿಗೆ ಸುಮ್ಮನಿರಬೇಕಲ್ಲ!

“ಇಡಬ್ಯಾಡ್ರಿ! ಐವತ್ತೆರಡು ಎಲಿಯೊಳಗ ಹತ್ತರವು ಹದಿನಾರು. ಎರಡು ನಿಮ್ಮ ಕೈಯಾಗ ಅದಾವ. ಕಾಣದ ನಲವತ್ತೊಂಬತ್ತರಾಗ ಉಳಿದದ್ದು ಹದಿನಾಲ್ಕು. ಅಂದ್ರ ಏಳು ಸಲಕ್ಕ ಎರಡು ಸಲ ಬೀಳತೈತಿ. ಸಲಕ್ಕೊಂದು ಅಂತ ಏಳು ಶೇಂಗಾ ಇಟ್ರ ಎರಡು ಸಲ ಮೂರು ಮೂರು, ಒಟ್ಟು ಆರು ತಿರುಗಿ ಬರತಾವ, ಒಂದು ಇಂವನ ಕಿಸೇಕ. ಇನ್ಸೂರೆನ್ಸ್ ಅನ್ನೂದು ಅಂಜುಬುರಕರ ಸಲುವಾಗಿ ಐತ್ರಿ!”

ಗೈಬುಸಾಬ ಎಲೆ ತಿರುವಿದ. ಏಳು. ಅವನದು ಹದಿನೆಂಟಕ್ಕೇ ನಿಂತಿತು, ಶಿವಯೋಗೆಪ್ಪ ಗೆದ್ದ. ನಾನು ಮೀಸೆ ತಿರುವಿಕೊಂಡೆ. ಶಿವಯೋಗೆಪ್ಪ ನನ್ನನ್ನು ಬಹಳ ಗೌರವದಿಂದ ನೋಡಿ, ಕಿವಿಯ ಮೇಲಿನ ಪೆನ್ನು ತೆಗೆದು ನನ್ನ ಕಿಸೆಗೆ ಸಿಕ್ಕಿಸಿದ.

“ಖರೇ ಮಾತು ಹೇಳಿದ್ರಿ ಏಜೆಂಟ್ರ. ಏಳಿಟ್ರ ಆರು. ಆ ಉಳಿದದ್ದೊಂದು ನಿಮ್ಮ ಕಮಿಷನ್ ಏನ್ರಿ?”

“ಅದು ಬ್ಯಾರೆ, ಇದು ಬ್ಯಾರೆ ಐತ್ರಿ!” ಎಂದೆ. ಹೇಗೆ ಬೇರೆ ಎಂದು ಹೇಳಬೇಕಾದರೆ ಸಾವಿನ ಮಾತು ತೆಗೆಯಬೇಕು. ಪಾಡ್ಯದ ದಿನ ಇನ್ನೊಬ್ಬರ ಪಡಸಾಲೆಯಲ್ಲಿ ಕೂತು ಆ ಮಾತು ಆಡಿದವನಿಗೆ ಎಂಥ ಮರ್ಯಾದೆ ಸಿಕ್ಕುತ್ತದೆಂದು ನನಗೆ ಗೊತ್ತು. “ನಾಳೆ ಏನರೆ ಹೆಚ್ಚುಕಮ್ಮಿ ಆದ್ರ...” ಎಂದು ರಾಗ ಎಳೆದೆ.

“ಯಾವುದು ಹೆಚ್ಚು, ಯಾವುದು ಕಮ್ಮಿ? ಬಿಡಿಸಿ ಹೇಳ್ರಿ” ಎಂದು ಗೈಬುಸಾಬ ನಕ್ಕ.

ಅಷ್ಟರಲ್ಲಿ ಶಿವಯೋಗೆಪ್ಪನ ಹೆಂಡತಿ ಲಕ್ಕವ್ವ ಆರತಿ ತಟ್ಟೆ ಹಿಡಿದು ಬಂದಳು. ಗಂಡನ ಆಯುಷ್ಯ ಗಟ್ಟಿಯಾಗಲೆಂದು ಹಬ್ಬಕ್ಕೆ ಬೆಳಗುವ ಆರತಿ. ಬೆಳಗುತ್ತಲೇ ನನ್ನ ಕಡೆ ತಿರುಗಿದಳು.

“ತಮ್ಮಾ, ಒಳಗಿಂದ ಎಲ್ಲಾ ಕೇಳಿದೆ. ಗೈಬಣ್ಣನ ಎಲಿ ಏಳಕ್ಕ ಎರಡು ಸಲ ಬೀಳತೈತಿ ಅಂದಿ. ನೀ ಅಂತೀಯಲ್ಲ ಹೆಚ್ಚುಕಮ್ಮಿ, ಅದು ಏಳು ಮಂದ್ಯಾಗ ಎಷ್ಟು ಮಂದಿಗೆ ಆಗತೈತಿ? ಅದೊಂದು ಹೇಳು, ನಾನಽ ಇವರ ಕಡಿಂದ ಸಹಿ ಹಾಕಸ್ತೀನಿ.”

ಏಳಕ್ಕೆ ಏಳು. ಇಷ್ಟು ಸುಲಭದ ಲೆಕ್ಕ ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಿಬಿಟ್ಟರೆ ಸಹಿ ಸಿಕ್ಕುತ್ತಿತ್ತು, ಏಜೆನ್ಸಿ ಉಳಿಯುತ್ತಿತ್ತು. ಆರತಿಯ ಬೆಳಕು ಗಂಡನ ಮುಖದ ಸುತ್ತ ತಿರುಗುತ್ತಿತ್ತು, ಆಕೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ನನಗ ಅಷ್ಟು ಲೆಕ್ಕ ಬರೂದಿಲ್ರಿ, ಯವ್ವಾ.”