ಗದ್ದಲದ ಬಳಗ

ಪಂಜರದ ತಳದಲ್ಲಿ ಮತ್ತೆ ಆರು ಗರಿ ಬಿದ್ದಿದ್ದವು. ಎರಡು ಅರಿಸಿನ ಬಣ್ಣದವು, ಉಳಿದವು ಕೇಸರಿ. ಮಹಾಲಿಂಗಪ್ಪ ಅವನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡು ಹಕ್ಕಿಯ ಎದೆ ನೋಡಿದ. ರೂಪಾಯಿಯಗಲ ಬೋಳಾಗಿತ್ತು. ತನ್ನ ಗರಿ ತಾನೇ ಕಿತ್ತುಕೊಳ್ಳುವ ಹಕ್ಕಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಯಾಕೆ ಕೀಳುತ್ತದೆ ಎಂಬುದು ತಲೆಗೆ ಹತ್ತಲೊಲ್ಲದು.

ಮಗಳು ಉಜ್ವಲಾ ಸಾಕಿದ ಸನ್ ಕನೂರ್ ಗಿಣಿ ಅದು. ಮುಧೋಳಕ್ಕೆ ಮದುವೆಯಾಗಿ ಹೋಗುವಾಗ ಅಪ್ಪನ ಕೈಗೊಪ್ಪಿಸಿದ್ದಳು. ಪಂಚಮಿಗೆ ಬರುವವಳು, ಬಂದವಳು ಮೊದಲು ನೋಡುವುದು ಅಪ್ಪನ ಮುಖವನ್ನಲ್ಲ, ಪಂಜರವನ್ನು. ಅದಕ್ಕೇ ಅವನು ಮನೆಯ ಕೆಳಗಿನ ಮಗ್ಗಗಳ ಸಪ್ಪಳ ತಾಗದಿರಲೆಂದು ಅದನ್ನು ಮಾಳಿಗೆಯ ಕೋಣೆಯಲ್ಲಿ ಇಟ್ಟಿದ್ದ. ಬನಹಟ್ಟಿಯಲ್ಲಿ ಹುಟ್ಟಿ, ಪವರ್‌ಲೂಮಿನ ಗದ್ದಲದಲ್ಲಿ ಅರ್ಧ ಕಿವಿ ಕಳೆದುಕೊಂಡವನಿಗೆ ಅದಕ್ಕಿಂತ ದೊಡ್ಡ ಉಪಚಾರ ಹೊಳೆಯುವುದಾದರೂ ಹೇಗೆ?

ಜಮಖಂಡಿಯ ದನದ ಡಾಕ್ಟರು ಔಷಧ ಬರೆಯಲಿಲ್ಲ. ಎಲ್ಲಿಟ್ಟಿದ್ದೀರಿ, ಜೊತೆಗೆ ಯಾರಿರುತ್ತಾರೆ ಎಂದು ಕೇಳಿದರು. ಇದರ ಬಳಗವೆಲ್ಲ ಸಮುದ್ರದಾಚೆ ದಕ್ಷಿಣ ಅಮೆರಿಕದಲ್ಲಿದೆ, ಹಿಂಡುಹಿಂಡಾಗಿ ಹಾರುತ್ತ ಹಗಲೆಲ್ಲ ಒಂದನ್ನೊಂದು ಕೂಗುತ್ತಿರುತ್ತವೆ ಎಂದರು.

"ಹಿಂಡು ಸುಮ್ಮನಾತಂದ್ರ ಗಿಡುಗ ಬಂದೈತಿ ಅಂತ ತಿಳಕೋತೈತಿ ಅದು. ನೀವು ದಿನಾ ಅದನ್ನ ಗಿಡುಗನ ಮುಂದ ಕುಂದರಿಸೀರಿ."

ಮಹಾಲಿಂಗಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಂದೇ ಪಂಜರ ಕೆಳಗಿಳಿಯಿತು. ನಾಲ್ಕು ಮಗ್ಗಗಳ ನಡುವೆ ಹಕ್ಕಿ ಕತ್ತು ಚಾಚಿ ಕೇಳಿತು, ಆಮೇಲೆ ಅವಕ್ಕಿಂತ ಜೋರಾಗಿ ಕಿರುಚಿತು. ಕೀಳುವುದು ನಿಂತಿತು. ಕೆಲವು ವಾರಗಳಲ್ಲಿ ಬೋಳು ಎದೆಯ ಮೇಲೆ ಎಳೆಯ ಗರಿ ಮೊಳೆತವು.

ನಾಗರ ಅಮಾವಾಸ್ಯೆ ಬಂತು. ಆ ದಿನ ಓಣಿಯಲ್ಲಿ ಯಾರೂ ಮಗ್ಗ ಹಚ್ಚುವುದಿಲ್ಲ. ಬೆಳಗಿನಿಂದ ಎಲ್ಲ ಸುಮ್ಮನಿತ್ತು. ಹಕ್ಕಿ ಮೂಲೆಗೆ ಸರಿದು ಎಳೆಯ ಗರಿಗೇ ಕೊಕ್ಕು ಹಾಕಿತು. ರಕ್ತ ಕಂಡು ಮಹಾಲಿಂಗಪ್ಪ ಅದನ್ನು ಪಂಜರದಿಂದ ಹೊರತೆಗೆದ. ಹೆಗಲ ಮೇಲೆ ಕೂಡಿಸಿಕೊಂಡ, ಮಾತಾಡಿಸಿದ, ಟಿ.ವಿ. ಹಚ್ಚಿದ, ಏನೂ ನಡೆಯಲಿಲ್ಲ. ಕೊನೆಗೆ ಹಾಸಿನ ನೂಲು ಮುಗಿದು ಬರಿದಾಗಿದ್ದ ಒಂದು ಮಗ್ಗದ ಗುಂಡಿ ಒತ್ತಿದ.

ಹೆಂಡತಿ ಶಿವಗಂಗವ್ವ ಅಡುಗೆಮನೆಯಿಂದ ಓಡಿ ಬಂದಳು. "ಅಮಾಸಿ ದಿನ ಮಗ್ಗ ಹಚ್ಚತಾರೇನ್ರಿ? ಮಂದಿ ಏನಂದಾರು?"

"ನೂಲ ಇಲ್ಲ," ಎಂದ ಅವನು. "ಬರೇ ಸಪ್ಪಳ."

ಹಕ್ಕಿ ಹೆಗಲಿನಿಂದ ಹಾರಿ ಮಗ್ಗದ ಚೌಕಟ್ಟಿನ ಮೇಲೆ ಕೂತಿತು. ಕತ್ತನ್ನು ಮೇಲೆ ಕೆಳಗೆ ಆಡಿಸಿ, ತಿಂದ ಶೇಂಗಾವನ್ನು ಗಂಟಲಿನಿಂದ ಹೊರತಂದು, ಅದುರುತ್ತಿದ್ದ ಕಬ್ಬಿಣದ ಮೇಲೆ ಮೆಲ್ಲಗೆ ಇಟ್ಟಿತು. ಹಕ್ಕಿಗಳು ಜೋಡಿಗೆ ಗುಟುಕು ಕೊಡುವುದನ್ನು ಗಂಡ ಹೆಂಡತಿ ಇಬ್ಬರೂ ಕಂಡವರೇ. ಗುಟುಕು ಜಾರಿ ಕೆಳಗೆ ಬಿತ್ತು.

ಹಕ್ಕಿ ಸ್ವಲ್ಪ ಹೊತ್ತು ಕಾದು, ಇನ್ನೊಂದು ತೆಗೆದಿಟ್ಟಿತು.